ಒವಿಯೆಡೊಗೆ ಮರಳಿದ ಆಟಗಾರ

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಂಘದವರು ಫೋನ್ ಮಾಡಿದಾಗ, "ನೀನು ಸಾಫ್ಟ್‌ವೇರ್‌ನಲ್ಲಿದ್ದೀಯ, ಮಕ್ಕಳಿಗೆ ಕಂಪ್ಯೂಟರ್ ಬಗ್ಗೆ ನಾಲ್ಕು ಮಾತು ಹೇಳು" ಅಂದರು. ಕಂಪ್ಯೂಟರ್ ಬಗ್ಗೆ ಮಾತಾಡುವವರು ಇನ್ನೂ ಇಬ್ಬರು ಪಟ್ಟಿಯಲ್ಲಿದ್ದಾರೆ ಅಂತ ಆಮೇಲೆ ಗೊತ್ತಾಯಿತು. ಹಾಗಾಗಿ ಅವರ ಅಪ್ಪಣೆ ಪಡೆದು ಬೇರೆ ವಿಷಯ ಆರಿಸಿಕೊಂಡೆ. ಇದು ಒಬ್ಬ ಫುಟ್‌ಬಾಲ್ ಆಟಗಾರನ ಕಥೆ. ದೇಶ ಸ್ಪೇನ್. ನಮ್ಮ ಶಾಲೆಯ ಮೈದಾನ ಕಬಡ್ಡಿ, ಖೋಖೋ, ವಾಲಿಬಾಲ್ ಕಂಡಿದೆ. ಫುಟ್‌ಬಾಲ್ ಕಂಡದ್ದು ಕಡಿಮೆ. ಆದರೂ ಐವತ್ತು ವರ್ಷ ತುಂಬಿದ ಶಾಲೆಯ ಅಂಗಳದಲ್ಲಿ ಹೇಳಲು ಇದಕ್ಕಿಂತ ತಕ್ಕ ಕಥೆ ನನಗೆ ಗೊತ್ತಿಲ್ಲ.

ಆಟಗಾರನ ಹೆಸರು ಸಾಂಟಿ ಕಜೋರ್ಲಾ. ಹುಟ್ಟಿದ್ದು 1984ರ ಡಿಸೆಂಬರ್‌ನಲ್ಲಿ, ಸ್ಪೇನ್‌ನ ಉತ್ತರ ತುದಿಯ ಅಸ್ತೂರಿಯಾಸ್ ಪ್ರಾಂತ್ಯದಲ್ಲಿ. ಮಳೆ ಹೆಚ್ಚು ಬೀಳುವ, ಹಸಿರು ಗುಡ್ಡಗಳ, ಒಂದು ಕಾಲಕ್ಕೆ ಕಲ್ಲಿದ್ದಲ ಗಣಿಗಳಿಗೆ ಹೆಸರಾಗಿದ್ದ ಸೀಮೆ ಅದು. ಅದರ ರಾಜಧಾನಿ ಒವಿಯೆಡೊ. ಆ ಪಟ್ಟಣದ ಫುಟ್‌ಬಾಲ್ ತಂಡ ರಿಯಲ್ ಒವಿಯೆಡೊ, ಸ್ಥಾಪನೆಯಾದದ್ದು 1926ರಲ್ಲಿ. ಕಜೋರ್ಲಾನ ಊರು ಪಕ್ಕದ ಲ್ಯಾನೆರಾ. ಚಿಕ್ಕವನಿದ್ದಾಗಲೇ ಹುಡುಗ ಒವಿಯೆಡೊ ತಂಡದ ತರಬೇತಿ ಶಾಲೆಗೆ ಸೇರಿದ.

ಅಲ್ಲಿ ದೊಡ್ಡ ತಂಡಗಳೆಲ್ಲ ಇಂಥ ಒಂದು ಶಾಲೆ ನಡೆಸುತ್ತವೆ. ಸುತ್ತಮುತ್ತಲ ಊರಿನ ಮಕ್ಕಳನ್ನು ಸೇರಿಸಿಕೊಂಡು, ವಯಸ್ಸಿಗೆ ತಕ್ಕ ಹಾಗೆ ಗುಂಪು ಮಾಡಿ, ವರ್ಷಗಟ್ಟಲೆ ಕಲಿಸುತ್ತವೆ. ನೂರು ಮಕ್ಕಳಲ್ಲಿ ಒಬ್ಬನೋ ಇಬ್ಬರೋ ದೊಡ್ಡ ಆಟಗಾರರಾಗಬಹುದು. ಆದರೂ ಎಲ್ಲರಿಗೂ ಒಂದೇ ಶ್ರದ್ಧೆಯಿಂದ ಕಲಿಸಬೇಕು, ಯಾಕೆಂದರೆ ಆ ಒಬ್ಬ ಯಾರು ಅಂತ ಎಂಟನೆಯ ವಯಸ್ಸಿಗೆ ಗೊತ್ತಾಗುವುದಿಲ್ಲ. ಇಲ್ಲಿ ಕೂತಿರುವ ಗುರುಗಳಿಗೆ ಇದನ್ನು ನಾನು ವಿವರಿಸಬೇಕಾಗಿಲ್ಲ.

ಕಜೋರ್ಲಾ ಆಳು ಗಿಡ್ಡ. ಬೆಳೆದು ದೊಡ್ಡವನಾದ ಮೇಲೂ ಐದೂವರೆ ಅಡಿ. ಆಡುವ ಜಾಗ ಮೈದಾನದ ಮಧ್ಯ. ಮಿಡ್‌ಫೀಲ್ಡರ್ ಎನ್ನುತ್ತಾರೆ. ವಾಲಿಬಾಲಿನಲ್ಲಿ ಸ್ಮ್ಯಾಷ್ ಹೊಡೆಯುವವನಿಗೆ ಚೆಂಡು ಎತ್ತಿಕೊಡುವವನು ಒಬ್ಬ ಇರುತ್ತಾನಲ್ಲ, ಹೆಚ್ಚುಕಡಿಮೆ ಆ ಕೆಲಸ. ಎದುರಾಳಿಯಿಂದ ಚೆಂಡು ತಪ್ಪಿಸಿಕೊಂಡು, ತಲೆಯೆತ್ತಿ ನೋಡಿ, ಮುಂದಿನವನ ಕಾಲಿಗೆ ಸರಿಯಾಗಿ ಮುಟ್ಟಿಸುವುದು. ಗೋಲು ಹೊಡೆದವನ ಹೆಸರು ಬೋರ್ಡಿನ ಮೇಲೆ ಬರುತ್ತದೆ. ಇವನ ಕೆಲಸ ಆಟ ಬಲ್ಲವರ ಕಣ್ಣಿಗೆ ಮಾತ್ರ ಬೀಳುತ್ತದೆ. ಇವನಿಗೆ ಇನ್ನೊಂದು ವಿಶೇಷವಿತ್ತು. ಎಡಗಾಲು, ಬಲಗಾಲು ಎರಡೂ ಸಮ. ಮೂಲೆಯಿಂದ ಒದೆಯುವ ಕಾರ್ನರ್ ಕಿಕ್ಕನ್ನು ಒಂದು ಸಲ ಎಡಗಾಲಲ್ಲಿ, ಇನ್ನೊಂದು ಸಲ ಬಲಗಾಲಲ್ಲಿ ಒದೆಯುತ್ತಿದ್ದ. ಎದುರಿಗಿದ್ದವನಿಗೆ ಯಾವ ಕಡೆ ತಡೆಯಬೇಕು ಅಂತ ತಿಳಿಯುತ್ತಿರಲಿಲ್ಲ.

ಹುಡುಗ ಹದಿನೆಂಟಕ್ಕೆ ಬರುವ ಹೊತ್ತಿಗೆ ಒವಿಯೆಡೊ ತಂಡವೇ ಮುಳುಗತೊಡಗಿತ್ತು. 2001ರಲ್ಲಿ ಮೊದಲ ದರ್ಜೆಯಿಂದ ಎರಡನೆಯದಕ್ಕೆ ಇಳಿಯಿತು. 2003ರಲ್ಲಿ ಎರಡನೆಯ ದರ್ಜೆಯನ್ನೂ ಕಳೆದುಕೊಂಡಿತು. ಆಟಗಾರರ ಸಂಬಳ ಬಾಕಿ ಉಳಿದಿತ್ತು. ಆ ತಪ್ಪಿಗೆ ಶಿಕ್ಷೆಯಾಗಿ ಇನ್ನೂ ಒಂದು ಮೆಟ್ಟಿಲು ತಳ್ಳಿ ನಾಲ್ಕನೆಯ ದರ್ಜೆಗೆ ಹಾಕಿದರು. ರಾಜ್ಯ ಮಟ್ಟದಲ್ಲಿ ಆಡುತ್ತಿದ್ದ ತಂಡ ಹೋಬಳಿ ಮಟ್ಟಕ್ಕೆ ಬಂದ ಹಾಗೆ. ತಂಡ ಕಷ್ಟಕ್ಕೆ ಸಿಕ್ಕಾಗ ಹುಡುಗರು ಚದುರಿದರು. ಕಜೋರ್ಲಾ ವಿಯಾರಿಯಲ್ ತಂಡಕ್ಕೆ ಹೋದ. ಅವನಿಗಿಂತ ಚಿಕ್ಕವನಾದ ಹ್ವಾನ್ ಮಾಟಾ ಎಂಬ ಇನ್ನೊಬ್ಬ ಪ್ರತಿಭಾವಂತ ಮ್ಯಾಡ್ರಿಡ್‌ಗೆ ಹೋದ. ತಾನು ಕಲಿತ ತಂಡದ ಪರವಾಗಿ ದೊಡ್ಡವರ ಪಂದ್ಯದಲ್ಲಿ ಒಂದೇ ಒಂದು ಸಲವೂ ಆಡದೆ ಕಜೋರ್ಲಾ ಹೊರಟಿದ್ದ. ಇದನ್ನು ನೆನಪಿಟ್ಟುಕೊಳ್ಳಿ.

ಮುಂದಿನದು ಏರುಗಾಲದ ಕಥೆ. ವಿಯಾರಿಯಲ್ ಸಣ್ಣ ಪಟ್ಟಣದ ತಂಡ. 2007-08ರ ಸಾಲಿನಲ್ಲಿ ಅದು ಬಾರ್ಸಿಲೋನಾವನ್ನೂ ಹಿಂದಿಕ್ಕಿ ಇಡೀ ಸ್ಪೇನ್‌ಗೆ ಎರಡನೆಯ ಸ್ಥಾನ ಪಡೆಯಿತು, ಅದರಲ್ಲಿ ಇವನ ಪಾಲು ದೊಡ್ಡದು. ಅದೇ 2008ರ ಯೂರೋ ಕಪ್‌ನಲ್ಲಿ ಇಟಲಿ ವಿರುದ್ಧ ಪಂದ್ಯ ಪೆನಾಲ್ಟಿಗೆ ಹೋದಾಗ ತನ್ನ ಒದೆತವನ್ನು ಗೋಲಿಗೆ ಸೇರಿಸಿದ. ವಿಯೆನ್ನಾದಲ್ಲಿ ಜರ್ಮನಿ ವಿರುದ್ಧದ ಫೈನಲ್‌ನಲ್ಲಿ ಬದಲಿ ಆಟಗಾರನಾಗಿ ಇಳಿದ. ಸ್ಪೇನ್‌ಗೆ 44 ವರ್ಷದ ನಂತರ ಬಂದ ಕಪ್ ಅದು. 2012ರಲ್ಲಿ ಮತ್ತೆ ಯೂರೋ ಗೆದ್ದ ತಂಡದಲ್ಲೂ ಇದ್ದ. ಆದರೆ ನಡುವೆ 2010ರಲ್ಲಿ ಸ್ಪೇನ್ ವಿಶ್ವಕಪ್ ಗೆದ್ದಾಗ ಇವನು ಇರಲಿಲ್ಲ. ಗಾಯವಾಗಿತ್ತು. ಎರಡು ಕಪ್ ಗೆದ್ದು, ನಡುವಿನ ಎಲ್ಲಕ್ಕಿಂತ ದೊಡ್ಡ ಕಪ್ಪನ್ನು ಟಿವಿಯಲ್ಲಿ ನೋಡುವುದು ಸಣ್ಣ ನೋವಲ್ಲ.

2012ರಲ್ಲಿ ಲಂಡನ್ನಿನ ಆರ್ಸೆನಲ್ ತಂಡಕ್ಕೆ ಸೇರಿದ. ನನಗೆ ಅವನ ಪರಿಚಯವಾದದ್ದು ಆಗ. ಬೆಂಗಳೂರಿನಲ್ಲಿ ಮೊದಲ ಕೆಲಸ, ಪಿಜಿಯ ವಾಸ, ಶನಿವಾರ ಭಾನುವಾರ ರಾತ್ರಿ ಟಿವಿ ಮುಂದೆ ಇಂಗ್ಲೆಂಡಿನ ಪಂದ್ಯ ನೋಡುವ ಹುಡುಗರ ಗುಂಪು. 2014ರ ಮೇ 17ರ ಶನಿವಾರ ಎಫ್‌ಎ ಕಪ್ ಫೈನಲ್. ಹಿಂದಿನ ದಿನವಷ್ಟೇ ಲೋಕಸಭೆ ಚುನಾವಣೆಯ ಫಲಿತಾಂಶ ಬಂದಿತ್ತು, ಎಲ್ಲರ ಬಾಯಲ್ಲೂ ಅದೇ ಮಾತು. ನಮ್ಮ ಪಿಜಿಯಲ್ಲಿ ಮಾತ್ರ ಬೇರೆ ಗಲಾಟೆ. ಪಂದ್ಯ ಶುರುವಾಗಿ ಹತ್ತು ನಿಮಿಷದೊಳಗೆ ಹಲ್ ಸಿಟಿ ಎಂಬ ಸಣ್ಣ ತಂಡ ಎರಡು ಗೋಲು ಹೊಡೆದುಬಿಟ್ಟಿತು. ಆರ್ಸೆನಲ್ ಒಂಬತ್ತು ವರ್ಷದಿಂದ ಒಂದು ಕಪ್ಪೂ ಗೆದ್ದಿರಲಿಲ್ಲ, ಇದೂ ಹೋಯಿತು ಅಂದುಕೊಂಡೆವು. ಆಗ ಕಜೋರ್ಲಾಗೆ ದೂರದಿಂದ ಒಂದು ಫ್ರೀ ಕಿಕ್ ಸಿಕ್ಕಿತು. ಚೆಂಡು ಗೋಡೆಯಂತೆ ನಿಂತವರ ತಲೆಯ ಮೇಲಿಂದ ಹೋಗಿ ಬಲೆಯ ಮೇಲ್ಮೂಲೆಗೆ ಬಿತ್ತು. ಅಲ್ಲಿಂದ ತಂಡ ಎದ್ದು ನಿಂತಿತು. ಹೆಚ್ಚುವರಿ ಸಮಯದಲ್ಲಿ 3-2ರಿಂದ ಗೆದ್ದಿತು.

ಆದರೆ ಆ ಹೊತ್ತಿಗಾಗಲೇ ಅವನ ಬಲಗಾಲಿನಲ್ಲಿ ತೊಂದರೆ ಮನೆ ಮಾಡಿತ್ತು. 2013ರಲ್ಲಿ ಚಿಲಿ ವಿರುದ್ಧದ ಪಂದ್ಯವೊಂದರಲ್ಲಿ ಕಣಕಾಲಿಗೆ ಏಟು ಬಿದ್ದು ಮೂಳೆ ಬಿರುಕು ಬಿಟ್ಟಿತ್ತು. ನೋವು ನುಂಗಿಕೊಂಡೇ ಆಡುತ್ತಿದ್ದ. ಮೈ ಬಿಸಿಯಿದ್ದಾಗ ಸರಿ, ಅರ್ಧ ಸಮಯದಲ್ಲಿ ಕೂತು ಎದ್ದರೆ ಕಣ್ಣಲ್ಲಿ ನೀರು ಬರುತ್ತಿತ್ತಂತೆ. 2016ರ ಅಕ್ಟೋಬರ್‌ನಲ್ಲಿ ಬಲ್ಗೇರಿಯಾದ ತಂಡವೊಂದರ ವಿರುದ್ಧ ಆಡಿ ಹೊರಬಂದವನು ಆರ್ಸೆನಲ್ ಪರ ಮತ್ತೆ ಆಡಲೇ ಇಲ್ಲ. ಆಪರೇಷನ್ ಆಯಿತು. ಹೊಲಿಗೆ ಹಾಕಿದ ಗಾಯ ಮತ್ತೆ ಮತ್ತೆ ಬಿಚ್ಚಿಕೊಂಡಿತು, ಕೀವಾಯಿತು, ಕೊಳೆಯಿತು. ಮಗನ ಕೈ ಹಿಡಿದು ತೋಟದಲ್ಲಿ ನಡೆಯುವಷ್ಟಾದರೆ ತೃಪ್ತಿಪಟ್ಟುಕೊ ಅಂತ ವೈದ್ಯರು ಹೇಳಿದರು.

ಅವನು ಸ್ಪೇನ್‌ಗೆ ಬಂದು ವಿತೋರಿಯಾ ಪಟ್ಟಣದ ಒಬ್ಬ ಶಸ್ತ್ರವೈದ್ಯರ ಹತ್ತಿರ ಹೋದ. ಅವರು ಕಾಲು ಬಿಚ್ಚಿ ನೋಡಿದರೆ, ಹಿಮ್ಮಡಿಯಿಂದ ಮೀನಖಂಡಕ್ಕೆ ಹೋಗುವ ದಪ್ಪ ಸ್ನಾಯುರಜ್ಜು, ಅಕಿಲಿಸ್ ಎನ್ನುತ್ತಾರಲ್ಲ, ಅದನ್ನು ಸೋಂಕು 8 ಸೆಂಟಿಮೀಟರಿನಷ್ಟು ತಿಂದುಹಾಕಿತ್ತು. ನಿಮ್ಮ ಕೈಯ ನಾಲ್ಕು ಬೆರಳು ಜೋಡಿಸಿ ಹಿಡಿಯಿರಿ, ಅಷ್ಟು ಅಗಲ. ಸೋಂಕು ಹಿಮ್ಮಡಿಯ ಮೂಳೆಯನ್ನೂ ಬಿಟ್ಟಿರಲಿಲ್ಲ. ಕಾಲನ್ನೇ ತೆಗೆಯಬೇಕಾಗುತ್ತದೇನೋ ಎಂಬ ಭಯವಿತ್ತು. ಸ್ನಾಯುರಜ್ಜನ್ನು ಮತ್ತೆ ಕಟ್ಟಿದರು. ಮುಚ್ಚಲು ಚರ್ಮ ಸಾಲದೆ ಎಡಗೈಯ ಚರ್ಮ ತೆಗೆದು ಕಾಲಿಗೆ ಹಾಕಿದರು. ಆ ಕೈಯ ಮೇಲೆ ಅವನು ಮಗಳ ಹೆಸರನ್ನು ಹಚ್ಚೆ ಹಾಕಿಸಿಕೊಂಡಿದ್ದ. ಹೆಸರಿನ ಅರ್ಧ ಈಗ ಕೈಯಲ್ಲಿ, ಅರ್ಧ ಕಣಕಾಲಿನಲ್ಲಿ. ಎಲ್ಲ ಸೇರಿ ಎಂಟು ಹತ್ತು ಸಲ ಆಪರೇಷನ್. ಅವನ ಕೋಚ್ ಆರ್ಸೆನ್ ವೆಂಗರ್, ತಾವು ಕಂಡ ಗಾಯಗಳಲ್ಲೆಲ್ಲ ಇದು ಅತಿ ಕೆಟ್ಟದ್ದು ಅಂದರು.

ಹೆಂಡತಿ ಮಕ್ಕಳಿಂದ ದೂರ, ಸಲಮಂಕಾ ಎಂಬ ಊರಿನಲ್ಲಿದ್ದುಕೊಂಡು ದಿನಾ ವ್ಯಾಯಾಮ ಮಾಡಿದ. ಮೊದಲು ಹೆಜ್ಜೆ, ಆಮೇಲೆ ನಡಿಗೆ, ಆಮೇಲೆ ಓಟ. 2018ರಲ್ಲಿ ಹಳೆಯ ವಿಯಾರಿಯಲ್ ತಂಡ "ಬಂದು ಅಭ್ಯಾಸ ಮಾಡು, ನೋಡೋಣ" ಅಂದಿತು. ನೋಡಿ ಸೇರಿಸಿಕೊಂಡಿತು. ಅಭಿಮಾನಿಗಳಿಗೆ ಅವನನ್ನು ತೋರಿಸಲು ಒಬ್ಬ ಜಾದೂಗಾರನನ್ನು ಕರೆಸಿದ್ದರು; ಖಾಲಿ ಗಾಜಿನ ಕೊಳವೆಯೊಳಗೆ ಹೊಗೆ ತುಂಬಿ, ಹೊಗೆ ಸರಿದಾಗ ಒಳಗೆ ಕಜೋರ್ಲಾ ನಿಂತಿದ್ದ! 2019ರ ಜನವರಿಯಲ್ಲಿ ರಿಯಲ್ ಮ್ಯಾಡ್ರಿಡ್ ವಿರುದ್ಧ ಪಂದ್ಯ 2-2ರಲ್ಲಿ ಮುಗಿಯಿತು. ವಿಯಾರಿಯಲ್‌ನ ಎರಡೂ ಗೋಲು ಇವನದ್ದೇ. ಎರಡನೆಯದನ್ನು ಐದೂವರೆ ಅಡಿಯ ಮನುಷ್ಯ ತಲೆಯಿಂದ ಹೊಡೆದಿದ್ದ. ಅದೇ ಜೂನ್‌ನಲ್ಲಿ ಮತ್ತೆ ಸ್ಪೇನ್ ತಂಡದ ಅಂಗಿ ತೊಟ್ಟ.

ಇಲ್ಲಿಗೆ ಕಥೆ ಮುಗಿದಿದ್ದರೆ ಛಲದ ಕಥೆ ಅಂತ ಚಪ್ಪಾಳೆ ತಟ್ಟಿ ಮನೆಗೆ ಹೋಗಬಹುದಿತ್ತು. ನಾನು ಈ ವೇದಿಕೆಗೆ ಇದನ್ನು ತಂದದ್ದು ಮುಂದಿನ ಭಾಗಕ್ಕಾಗಿ. ಅದಕ್ಕೆ ಮೊದಲು, ಇವನು ಹೊರಗೆ ಕಪ್ ಗೆಲ್ಲುತ್ತಿದ್ದ ವರ್ಷಗಳಲ್ಲಿ ಒವಿಯೆಡೊದಲ್ಲಿ ಏನಾಗುತ್ತಿತ್ತು ಅಂತ ಹೇಳಬೇಕು.

ನಾಲ್ಕನೆಯ ದರ್ಜೆಗೆ ಬಿದ್ದ ತಂಡ ಅಂದರೆ ಸತ್ತಂತೆಯೇ ಅಂತ ಬಹಳ ಜನ ಅಂದುಕೊಂಡರು. ನಗರಸಭೆ ಹೊಸದೊಂದು ತಂಡದ ಬೆನ್ನಿಗೆ ನಿಂತಿತು. ಆದರೆ ಊರಿನ ಸಾಮಾನ್ಯ ಜನ ಒಪ್ಪಲಿಲ್ಲ. ಅಪ್ಪ, ಅಜ್ಜ ನೋಡಿದ ತಂಡ ಇದೇ, ನಮಗೂ ಇದೇ ಅಂದರು. ಮೂವತ್ತು ಸಾವಿರ ಜನ ಕೂರುವ ಕಾರ್ಲೋಸ್ ತಾರ್ತಿಯೆರೆ ಮೈದಾನದಲ್ಲಿ, ಸುತ್ತಲ ಹಳ್ಳಿಗಳ ತಂಡಗಳ ಎದುರು ಒವಿಯೆಡೊ ಆಡುತ್ತಿತ್ತು. ಸಾವಿರಾರು ಜನ ವರ್ಷದ ಟಿಕೆಟ್ ಕೊಂಡು ಮಳೆಯಲ್ಲಿ ಬಂದು ನೋಡುತ್ತಿದ್ದರು. ಹೆಸರಾಂತ ಆಟಗಾರ ಒಬ್ಬನೂ ಇರಲಿಲ್ಲ, ಟಿವಿಯವರೂ ಬರುತ್ತಿರಲಿಲ್ಲ. ತಂಡ ಮೇಲೇರಿತು, ಮತ್ತೆ ಬಿತ್ತು, ಮತ್ತೆ ಏರಿತು.

2012ರ ನವೆಂಬರ್‌ನಲ್ಲಿ ಕೊನೆಯ ಗಂಡಾಂತರ ಬಂತು. ಎರಡು ವಾರದೊಳಗೆ ಸುಮಾರು 19 ಲಕ್ಷ ಯೂರೋ ಹೊಂದಿಸದಿದ್ದರೆ ಬಾಗಿಲು ಮುಚ್ಚಬೇಕು. ತಂಡ ಷೇರು ಮಾರಲು ಇಟ್ಟಿತು. ಒಂದು ಷೇರಿಗೆ 10.75 ಯೂರೋ, ಆಗಿನ ಲೆಕ್ಕದಲ್ಲಿ ನಮ್ಮ ಸುಮಾರು 750 ರೂಪಾಯಿ. ವಿದ್ಯಾರ್ಥಿಯಾಗಿ ಒವಿಯೆಡೊದಲ್ಲಿ ಇದ್ದು ಹೋಗಿದ್ದ ಸಿಡ್ ಲೋ ಎಂಬ ಇಂಗ್ಲಿಷ್ ಪತ್ರಕರ್ತ ಟ್ವಿಟರ್‌ನಲ್ಲಿ ಈ ಸುದ್ದಿ ಹಬ್ಬಿಸಿದ. ನಾನು ಇಂಟರ್ನೆಟ್ಟಿನಿಂದಲೇ ಅನ್ನ ತಿನ್ನುವವನು. ಅದರಲ್ಲಿ ಒಳ್ಳೆಯದೂ ಆಗುತ್ತದೆ ಅಂತ ಯಾರಾದರೂ ಸಾಕ್ಷಿ ಕೇಳಿದರೆ ಇದನ್ನೇ ಹೇಳುತ್ತೇನೆ. ಆ ಊರನ್ನು ಭೂಪಟದಲ್ಲೂ ನೋಡದ ಹತ್ತಾರು ದೇಶಗಳ ಸಾವಿರಾರು ಜನ ಒಂದೊಂದು, ಎರಡೆರಡು ಷೇರು ಕೊಂಡರು. ಎದುರಾಳಿ ರಿಯಲ್ ಮ್ಯಾಡ್ರಿಡ್ ಕೂಡ ಕೊಂಡಿತು. ಮತ್ತೆ ಕೊಂಡವರು ಯಾರು ಗೊತ್ತೆ? ಆ ತರಬೇತಿ ಶಾಲೆಯ ಹಳೆಯ ವಿದ್ಯಾರ್ಥಿಗಳು. ಆರ್ಸೆನಲ್‌ನಲ್ಲಿದ್ದ ಕಜೋರ್ಲಾ, ಚೆಲ್ಸಿಯಲ್ಲಿದ್ದ ಮಾಟಾ, ಸ್ವಾನ್ಸಿಯಲ್ಲಿದ್ದ ಮಿಚು. ಮಿಚು ನಾಲ್ಕನೆಯ ದರ್ಜೆಯ ದಿನಗಳಲ್ಲೂ ಅಲ್ಲೇ ಉಳಿದು ಆಡಿದವನು. ಕಡೆಗೆ ಮೆಕ್ಸಿಕೊದ ಶ್ರೀಮಂತ ಕಾರ್ಲೋಸ್ ಸ್ಲಿಮ್ ಅವರ ಕಂಪನಿ ದೊಡ್ಡ ಮೊತ್ತ ಹಾಕಿತು. ತಂಡ ಉಳಿಯಿತು. 2015ರಲ್ಲಿ ಎರಡನೆಯ ದರ್ಜೆಗೂ ಏರಿತು.

ಈ ಸಾಲನ್ನು ಸ್ವಲ್ಪ ಗಮನಿಸಿ. ಮೊದಲು ಬಂದದ್ದು ಮಳೆಯಲ್ಲಿ ನೆನೆದ ಊರಿನವರು. ಆಮೇಲೆ 750 ರೂಪಾಯಿಯವರು. ಕೋಟಿಯವರು ಬಂದದ್ದು ಕೊನೆಗೆ. ಜನ ಕೈಬಿಟ್ಟ ಜಾಗಕ್ಕೆ ದೊಡ್ಡ ದುಡ್ಡು ಬರುವುದು ಅಪರೂಪ.

ಈಗ ಕಜೋರ್ಲಾ ಕಡೆ ಬರೋಣ. ಸ್ಪೇನ್ ಬಿಟ್ಟು ಕತಾರ್‌ನ ಅಲ್ ಸಾದ್ ತಂಡದಲ್ಲಿ ಮೂರು ವರ್ಷ ಆಡಿದ. 2023ರ ಆಗಸ್ಟ್‌ನಲ್ಲಿ, 38ನೆಯ ವಯಸ್ಸಿನಲ್ಲಿ, ಒವಿಯೆಡೊಗೆ ಮರಳಿದ. ಆ ವಯಸ್ಸಿಗೆ ಬಹಳಷ್ಟು ಆಟಗಾರರು ಬೂಟು ಕಳಚಿ ಟಿವಿಯಲ್ಲಿ ವಿವರಣೆ ಹೇಳುತ್ತಿರುತ್ತಾರೆ. ಇವನು ಸಂಬಳವಿಲ್ಲದೆ ಆಡಲು ಸಿದ್ಧನಿದ್ದ. ಆದರೆ ವೃತ್ತಿಪರ ಲೀಗ್‌ನ ನಿಯಮ ಅದಕ್ಕೆ ಒಪ್ಪುವುದಿಲ್ಲ. ಹಾಗಾದರೆ ನಿಯಮದಲ್ಲಿರುವ ಕನಿಷ್ಠ ಸಂಬಳ ಸಾಕು ಅಂದ. ಇನ್ನೊಂದು ಷರತ್ತು ಹಾಕಿದ: ತನ್ನ ಹೆಸರಿನ ಅಂಗಿಗಳ ಮಾರಾಟದಿಂದ ಬಂದ ಹಣದಲ್ಲಿ ಒಂದು ಪಾಲು ತಂಡದ ಮಕ್ಕಳ ತರಬೇತಿ ಶಾಲೆಗೆ ಹೋಗಬೇಕು. ಚಿಕ್ಕಂದಿನಲ್ಲಿ ತಾನು ಸೇರಿದ್ದ ಅದೇ ಶಾಲೆಗೆ.

ಅವನು ಹಾರ ಹಾಕಿಸಿಕೊಂಡು ಹೋಗಲು ಬರಲಿಲ್ಲ, ದುಡಿಯಲು ಬಂದ. ಕಟ್ಟಿಕೊಂಡ ಕಾಲಿನಲ್ಲಿ, ತನಗಿಂತ ಹದಿನೈದು ಇಪ್ಪತ್ತು ವರ್ಷ ಚಿಕ್ಕವರ ಜೊತೆ, ಎರಡನೆಯ ದರ್ಜೆಯ ಮೈದಾನಗಳಲ್ಲಿ. ಎಷ್ಟೋ ಪಂದ್ಯಗಳಲ್ಲಿ ಬೆಂಚಿನ ಮೇಲೆ ಕೂತು, ಕೊನೆಯ ಅರ್ಧ ಗಂಟೆಗೆ ಎದ್ದು ಆಡಿದ. 2024ರ ಜೂನ್‌ನಲ್ಲಿ ಮೊದಲ ದರ್ಜೆಗೆ ಏರುವ ಕೊನೆಯ ಸುತ್ತಿಗೆ ಒವಿಯೆಡೊ ಬಂತು. ಎಸ್ಪಾನ್ಯೋಲ್ ವಿರುದ್ಧ ಎರಡು ಪಂದ್ಯ. ಮೊದಲನೆಯದನ್ನು ಗೆದ್ದು, ಎರಡನೆಯದರಲ್ಲಿ 2-0ರಿಂದ ಸೋತು, ಬಾಗಿಲ ಬಳಿ ಹೋಗಿ ಹಿಂದೆ ಬಂದರು. ಅವನಿಗೆ ಮೂವತ್ತೊಂಬತ್ತು. ಸಾಕು ಅಂದಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಇನ್ನೊಂದು ವರ್ಷ ಇರುತ್ತೇನೆ ಅಂದ.

2025ರ ಜೂನ್. ಮತ್ತೆ ಕೊನೆಯ ಸುತ್ತು, ಈ ಸಲ ಎದುರಾಳಿ ಮಿರಾಂಡೆಸ್. ಮೊದಲ ಪಂದ್ಯದಲ್ಲಿ ಒವಿಯೆಡೊ 1-0ರಿಂದ ಸೋತಿತು. ಜೂನ್ 21ರಂದು ತಮ್ಮದೇ ಮೈದಾನದಲ್ಲಿ ಎರಡನೆಯ ಪಂದ್ಯ. ಅಲ್ಲೂ ಮೊದಲು ಗೋಲು ಹೊಡೆದವರು ಎದುರಾಳಿಗಳೇ. ಒಟ್ಟು ಲೆಕ್ಕದಲ್ಲಿ ಎರಡು ಗೋಲು ಹಿಂದೆ. ಅರ್ಧ ಸಮಯಕ್ಕೆ ಸ್ವಲ್ಪ ಮುಂಚೆ ಒವಿಯೆಡೊಗೆ ಪೆನಾಲ್ಟಿ ಸಿಕ್ಕಿತು. ನಲವತ್ತು ವರ್ಷದ ಕಜೋರ್ಲಾ ಚೆಂಡು ಕೈಗೆತ್ತಿಕೊಂಡ. ಇಡೀ ಮೈದಾನದ ಜನಕ್ಕೆ ಇಪ್ಪತ್ತನಾಲ್ಕು ವರ್ಷದ ಕಾಯುವಿಕೆ. ಒದ್ದ, ಗೋಲು ಆಯಿತು. ಅಲ್ಲಿಂದ ತಂಡ ಹಿಂತಿರುಗಿ ನೋಡಲಿಲ್ಲ. ಹೆಚ್ಚುವರಿ ಸಮಯದಲ್ಲಿ 3-1ರಿಂದ ಗೆದ್ದು, 2001ರಲ್ಲಿ ಕಳೆದುಕೊಂಡ ಮೊದಲ ದರ್ಜೆಗೆ ಮರಳಿತು.

ಪತ್ರಿಕೆಗಳೆಲ್ಲ ಕಜೋರ್ಲಾ ಚಿತ್ರ ಹಾಕಿದವು, ಹಾಕಬೇಕಾದದ್ದೇ. ನಾನು ಮಾತ್ರ ಆ ಚಿತ್ರದ ಹಿಂದೆ ಮಸುಕಾಗಿ ಕಾಣುವ ಜನರನ್ನು ನೋಡುತ್ತಿದ್ದೆ. 2003ರಲ್ಲಿ ಅವರು ಮನೆಗೆ ಹೋಗಿಬಿಟ್ಟಿದ್ದರೆ ಈ ಮನುಷ್ಯ ಮರಳಿ ಬರುವುದಾದರೂ ಎಲ್ಲಿಗೆ? ಎಷ್ಟು ದೊಡ್ಡ ಆಟಗಾರನಾದರೂ, ಎಷ್ಟು ಒಳ್ಳೆಯ ಮನಸ್ಸಿದ್ದರೂ, ಮುಚ್ಚಿಹೋದ ತಂಡಕ್ಕೆ ಯಾರೂ ಆಡಲಾರರು. ಮರಳಿದವನ ಋಣ ತೀರುವಂತೆ ಮಾಡಿದ್ದು ಉಳಿದವರು.

ಈಗ ನಮ್ಮ ಅಂಗಳಕ್ಕೆ ಬರುತ್ತೇನೆ. ನನ್ನ ಕಾಲದಲ್ಲಿ ಎಂಟನೆಯ ತರಗತಿಗೆ ಎ, ಬಿ ಅಂತ ಎರಡು ಸೆಕ್ಷನ್ ಇದ್ದವು. ಈಗ ಒಂದೇ, ಅದೂ ತುಂಬಿಲ್ಲ. ಬೆಳಗ್ಗೆ ಪೇಟೆಯ ಶಾಲೆಗಳ ಹಳದಿ ಬಸ್ಸು ಊರಿನ ಮಕ್ಕಳನ್ನು ತುಂಬಿಕೊಂಡು ನಮ್ಮ ಗೇಟಿನ ಮುಂದೆಯೇ ಹೋಗುತ್ತದೆ. ಮಕ್ಕಳನ್ನು ಕಳಿಸುವ ತಂದೆತಾಯಿಗಳನ್ನು ನಾನು ದೂರುವುದಿಲ್ಲ. ಪ್ರತಿಯೊಬ್ಬರೂ ತಮ್ಮ ಮಗುವಿಗೆ ಒಳ್ಳೆಯದನ್ನೇ ಹುಡುಕುತ್ತಾರೆ. ಆದರೆ ಹೀಗೇ ಮುಂದುವರಿದರೆ ಈ ಶಾಲೆ ಎಪ್ಪತ್ತೈದನೆಯ ವರ್ಷ ಆಚರಿಸುತ್ತದೆಯೆ ಅನ್ನುವುದು ನಮ್ಮೆಲ್ಲರ ಮನಸ್ಸಿನಲ್ಲಿರುವ, ಹಬ್ಬದ ದಿನ ಬಾಯಿಬಿಟ್ಟು ಕೇಳಲು ಹಿಂಜರಿಯುವ ಪ್ರಶ್ನೆ.

ಇವತ್ತು ನನ್ನಂಥವರಿಗೆ, ಊರು ಬಿಟ್ಟು ಹೋಗಿ ನಾಲ್ಕು ಕಾಸು ಸಂಪಾದಿಸಿದವರಿಗೆ, ಶಾಲು ಹೊದಿಸಿದ್ದೀರಿ. ತಲೆಬಾಗಿ ತೆಗೆದುಕೊಂಡಿದ್ದೇನೆ. ಆದರೆ ನ್ಯಾಯವಾಗಿ ಮೊದಲ ಶಾಲು ಸಲ್ಲಬೇಕಾದದ್ದು ವರ್ಗಾವಣೆ ಕೇಳದೆ ಇಲ್ಲೇ ಉಳಿದ ಮೇಷ್ಟ್ರುಗಳಿಗೆ, ಮಳೆಗಾಲದಲ್ಲಿ ಸೋರುವ ಕೊಠಡಿಗೆ ಹೆಂಚು ಹೊದಿಸಿದ ಊರಿನವರಿಗೆ, ಎಸ್‌ಡಿಎಂಸಿ ಸಭೆಗೆ ಕೂಲಿ ಬಿಟ್ಟು ಬರುವ ತಾಯಂದಿರಿಗೆ, ಬಿಸಿಯೂಟ ಬೇಯಿಸುವ ಅಕ್ಕಂದಿರಿಗೆ. ನಮ್ಮ ಊರಿನ ತಾರ್ತಿಯೆರೆ ಮೈದಾನದಲ್ಲಿ ಮಳೆಯಲ್ಲಿ ನಿಂತವರು ನೀವು. ನಾವು ಮರಳಿ ಬರಲು ಇವತ್ತು ಒಂದು ಗೇಟು, ಒಂದು ಗಂಟೆ, ಒಂದು ಬೇವಿನ ಮರ ಉಳಿದಿದ್ದರೆ ಅದು ನಿಮ್ಮಿಂದ.

ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದು ಒಂದೇ ಕೋರಿಕೆ. ಸಂಘದವರು ಊಟದ ಪೆಂಡಾಲಿನ ಪಕ್ಕ ಮೇಜಿನ ಮೇಲೆ ಒಂದು ಲೆಡ್ಜರ್ ಪುಸ್ತಕ ಇಟ್ಟಿದ್ದಾರೆ. ಅದರಲ್ಲಿ ಎರಡು ಕಾಲಂ. ಒಂದರಲ್ಲಿ ತಿಂಗಳಿಗೆ ಎಷ್ಟು ಕೊಡುತ್ತೀರಿ ಅಂತ ಬರೆಯಬೇಕು. ನೂರು ರೂಪಾಯಿಯಾದರೂ ಆಗಲಿ, ತಪ್ಪದೆ ಬರುವ ನೂರು ಬೇಕು. ಈ ಒಂದು ದಿನದ ಉತ್ಸಾಹದ ಹತ್ತು ಸಾವಿರಕ್ಕಿಂತ ಅದು ದೊಡ್ಡದು. ಎರಡನೆಯ ಕಾಲಂನಲ್ಲಿ ವರ್ಷಕ್ಕೆ ಎಷ್ಟು ದಿನ ಬಂದು ಮಕ್ಕಳ ಜೊತೆ ಕೂರುತ್ತೀರಿ ಅಂತ ಬರೆಯಬೇಕು. ಬೆಳಗ್ಗೆ ನೋಡಿದಾಗ ಮೊದಲ ಕಾಲಂ ಚೆನ್ನಾಗಿ ತುಂಬಿತ್ತು, ಎರಡನೆಯದು ಇನ್ನೂ ಖಾಲಿಯಿತ್ತು. ನಾನು ತಿಂಗಳಿಗೆ ಎರಡು ಶನಿವಾರ, ಹತ್ತನೆಯ ತರಗತಿಯ ಗಣಿತಕ್ಕೆ ಅಂತ ಬರೆದಿದ್ದೇನೆ. ಬೆಂಗಳೂರಿನಿಂದ ರಾತ್ರಿ ಬಸ್ಸಿಗೆ ಹತ್ತಿದರೆ ಪ್ರಾರ್ಥನೆಯ ಹೊತ್ತಿಗೆ ಇಲ್ಲಿರಬಹುದು. ನನ್ನ ಕೆಳಗೆ ಜಾಗ ಬೇಕಾದಷ್ಟಿದೆ.

ಮಕ್ಕಳೆ, ನಿಮಗೆ ಕೊನೆಯ ಮಾತು. ನೀವು ಹೋಗಿ. ದೂರ ಹೋಗಿ, ಚೆನ್ನಾಗಿ ಕಲಿಯಿರಿ, ದೊಡ್ಡ ತಂಡಗಳಲ್ಲಿ ಆಡಿ. ಕಜೋರ್ಲಾ ಹದಿನೆಂಟಕ್ಕೆ ಊರು ಬಿಟ್ಟದ್ದು ತಪ್ಪೇನೂ ಆಗಿರಲಿಲ್ಲ. ಹೋಗಿದ್ದರಿಂದಲೇ ಅವನ ಕೈಯಲ್ಲಿ ಮರಳಿಸಲು ಏನಾದರೂ ಇತ್ತು. ನೀವು ಮರಳುವ ದಿನ ಈ ಗೇಟು ತೆರೆದಿರುವ ಹಾಗೆ ನೋಡಿಕೊಳ್ಳುವುದು ಇಲ್ಲಿ ಕೂತಿರುವ ದೊಡ್ಡವರ ಕೆಲಸ.